ಕಲ್ಲಿನ ಲೆಕ್ಕ

ಮೊದಲು ಕಟ್ಟಿದ್ದು ಕಕ್ಕಸು.
ನಗಬೇಡಿ. ಕೂಗಿದರೆ ಕೇಳುವಷ್ಟು ದೂರದಲ್ಲಿ ಮನೆಯಿಲ್ಲ,
ಮರೆಗೆ ಮೊಳಕಾಲೆತ್ತರದ ಕರಡ ಮಾತ್ರ.
ಇಪ್ಪತ್ತಾರು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವಳು ನಾನು,
ಒಂದೊಂದು ಸ್ಟ್ಯಾಂಡಿನ ಹಿಂಬದಿಯೂ ಬಾಯಿಪಾಠ.
ಹೆಂಗಸಿಗೆ ಊರು ಅಂದರೆ ಮೊದಲು ಏನು
ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ನಾಲ್ಕು ಗೋಡೆ, ತಗಡಿನ ಬಾಗಿಲು, ಒಳಗಿನಿಂದ ಚಿಲಕ.
ಕರೆಂಟಿನ ಅರ್ಜಿ ಹಿಡಿದು ಬಂದ ಲೈನ್‌ಮನ್
ಮನೆ ಎಲ್ಲಿ ಅಂದ. ತೋರಿಸಿದೆ.
ಗಂಭೀರವಾಗಿ ಒಂದು ಸುತ್ತು ಹಾಕಿ
"ಇದಕ್ಕೆ ಮೀಟರ್ ಕೊಡೋಕೆ ಬರಲ್ಲ" ಎಂದು ಬರೆದುಕೊಂಡು ಹೋದ.

ಸೊರಬದ ರಸ್ತೆಯಿಂದ ಒಳಗೆ ಮೂವತ್ತು ಗುಂಟೆ ಬೋಳು ದಿಬ್ಬ.
ಮಾರಿದವನೇ ಹೇಳಿದ್ದ,
ಇಲ್ಲಿ ಏನೂ ಆಗಲ್ಲ ಅಕ್ಕಾ, ಗುದ್ದಲಿ ಹಾಕಿದರೆ ಕಿಡಿ ಬರುತ್ತೆ.
ಬಂತು.
ಕಲ್ಲು ಕಡಿಯುವ ಟೀಕಪ್ಪ ಹಿಮ್ಮಡಿಯಲ್ಲಿ ನೆಲ ತಟ್ಟಿ ನೋಡಿದ.
"ಏನೂ ಆಗಲ್ಲ ಅಂದ್ನಾ?
ಇಡೀ ಮನೆ ಇಲ್ಲೇ ಮಲಗೈತೆ ಕಂಡಕ್ಟ್ರಕ್ಕ,
ಎಬ್ಬಿಸಬೇಕು, ಅಷ್ಟೇ."

ಮೇಲಿನ ಪದರ ಮಾತ್ರ ಕಿಡಿ.
ಮೊಳದಾಳಕ್ಕೆ ಹೋದರೆ ಜಂಬಿಟ್ಟಿಗೆ ಮೆತ್ತಗೆ, ತೇವ,
ಕೊಡಲಿಯ ಗೆರೆಗೆ ಒಪ್ಪಿ ಕಳಚಿ ಬರುತ್ತದೆ.
ಬಿಸಿಲಿಗೆ ಬಿದ್ದ ಮೇಲೆಯೇ ಗಟ್ಟಿಯಾಗುವುದು.

ಆಗ್ನೇಯ ಮೂಲೆಯ ಪಾಯ ಒಂದು ತಿಂಗಳು ತಡವಾಯಿತು,
ಬರಿನೆಲದ ಮೇಲೆ ಟಿಟ್ಟಿಭ ನಾಲ್ಕು ಮೊಟ್ಟೆ ಇಟ್ಟಿತ್ತು.
ಹತ್ತಿರ ಹೋದರೆ ತಲೆಯ ಮೇಲೆಯೇ ಬೈಗುಳ.
ಟೀಕಪ್ಪ ಬೀಡಿ ಹಚ್ಚಿ ಅಂದ:
"ಒಂದು ಕಡ್ಡಿ ಇಡದೆ ಸಂಸಾರ ಮಾಡುತ್ತೆ, ನಾವು ನೋಡಿ."

ಕೊಯ್ಲು ಬಂತು, ಅವನು ಹೋದ.
ಆ ಆರು ವಾರದಲ್ಲಿ ಕಲಿತೆ:
ಕಲ್ಲನ್ನು ಎತ್ತಬಾರದು, ತೊಡೆಗೆ ಒರಗಿಸಿ ನಡೆಸಬೇಕು,
ಕುಡಿದ ಪ್ರಯಾಣಿಕನನ್ನು ಇಳಿಸುವ ಹಾಗೆ.
ಉತ್ತರದ ಗೋಡೆ ಹೊಟ್ಟೆ ಬಿಟ್ಟಿತು.
ನಾಲ್ಕು ವರಸೆ ನಾನೇ ಕೆಡವಿದೆ.
ಅವತ್ತು ಭದ್ರಾವತಿಯಿಂದ ತಂಗಿಯ ಫೋನು:
ಒಬ್ಬಳಿಗೆ ಯಾಕೆ ಇಷ್ಟೆಲ್ಲ?
ಹೆಬ್ಬೆರಳಿನ ಉಗುರು ಕಪ್ಪಾಗಿತ್ತು, ಬಾಯಲ್ಲಿಟ್ಟುಕೊಂಡಿದ್ದೆ,
ಹಾಗಾಗಿ ಉತ್ತರ ಕೊಡಲಾಗಲಿಲ್ಲ.

ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪು.
ಆ ತುದಿ ಅವನು, ಈ ತುದಿ ನಾನು,
ನಡುವೆ ನೀರು ಯಾರ ಪರವೂ ವಹಿಸದೆ ತೂಗಾಡುತ್ತದೆ.
"ಅಕ್ಕಾ, ನಿಂತ್ತಾ?"
"ಹೋಲ್ಡಾನ್!" ಅನ್ನುತ್ತೇನೆ, ಗಂಟಲು ಮರೆತಿಲ್ಲ.
ಗೆರೆಗೆ ಗೆರೆ ಕೂಡಿದರೆ
"ರೈಟ್!"
ದಿಬ್ಬದ ಆಚೆ ಎಮ್ಮೆ ಕಾಯುವ ಹುಡುಗ
ಎದ್ದು ನಿಂತು ರಸ್ತೆ ನೋಡುತ್ತಾನೆ.

ಕಿಟಕಿಗಳು ಗುಜರಿಯವು, ಮುರಿದ ಬಸ್ಸಿನವು.
ಅರ್ಧಕ್ಕೆ ಸಿಕ್ಕಿಕೊಳ್ಳುತ್ತವೆ, ಮೊದಲಿನಂತೆಯೇ.
ಒಂದರ ಕೆಳಗೆ ಅಕ್ಷರ ಇನ್ನೂ ಉಳಿದಿದೆ:
ಕೈ, ತಲೆ ಹೊರಗೆ ಹಾಕಬಾರದು.
ದಿನಾ ಬೆಳಿಗ್ಗೆ ಹಾಕುತ್ತೇನೆ.

ಹಳೆಯ ವೇ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ:
ನೆಲದಿಂದ ಹತ್ತಿದ್ದು ಸಾವಿರದ ನೂರ ನಲವತ್ತು,
ದಾರಿಯಲ್ಲಿ ಒಡೆದಿದ್ದು ಅರವತ್ತೊಂದು,
ಗೋಡೆಯಲ್ಲಿ ಸೀಟು ಸಿಕ್ಕಿದ್ದು ಸಾವಿರದ ಎಪ್ಪತ್ತೆಂಟು.
ಮನೆಯ ಪಕ್ಕ ಮನೆಯಷ್ಟೇ ದೊಡ್ಡ ಗುಂಡಿ.
ಅದರಲ್ಲಿ ಮುಂದೆ ನೀರು ನಿಲ್ಲಬಹುದು,
ಸದ್ಯ ಬೆಳಗಿನ ನೆರಳು ನಿಲ್ಲುತ್ತದೆ.

ಮೂರು ಸಲ ಎಣಿಸಿದೆ. ಒಂದು ಕಲ್ಲು ಹೆಚ್ಚು.
ಡಿಪೋದಲ್ಲಾದರೆ ಮೆಮೊ ಕೊಡುತ್ತಿದ್ದರು,
ಕೊರತೆಗಿಂತ ಹೆಚ್ಚು ಬಂದರೇ ಅನುಮಾನ ಜಾಸ್ತಿ.

ತೊಡೆಗೆ ಒರಗಿಸಿ, ನಡೆಸಿ ತಂದು
ಬಾಗಿಲಿಲ್ಲದ ಬಾಗಿಲ ಮುಂದೆ ಇಟ್ಟೆ.
ಕೂತೆ.
ಟೀಕಪ್ಪ ಒಳಗಿನಿಂದ ಕೂಗಿದ: "ಹೋಗೋಣ್ವಾ ಅಕ್ಕಾ, ಮಾಡಿಗೆ ಬಿದಿರು ತರಬೇಕು."
ಹೋಲ್ಡಾನ್, ಅಂದೆ.